ಕೂಳೆಯ ವರ್ಷ: ಪರೀಕ್ಷೆಯಲ್ಲಿ ಹಿಂದೆ ಬಿದ್ದವರು ಕಾಲೇಜಿಗೆ ಅರ್ಜಿ ಹಾಕತಕ್ಕ ಕಾಲವನ್ನು ಕುರಿತು

ಆಧಾರ ಭಾಗ: ಲೂಕನು ಬರೆದ ಸುವಾರ್ತೆ, 13ನೆಯ ಅಧ್ಯಾಯ, 6ರಿಂದ 9ನೆಯ ವಚನಗಳು.



ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ಸಭೆಗಳನ್ನು ಸಂದರ್ಶಿಸುವವನಿಗೆ ಒಂದು ಪ್ರಶ್ನೆಯು ತಪ್ಪದೆ ಎದುರಾಗುವದು. ಆರಾಧನೆ ಮುಗಿದು ಜನರು ಹೊರಟ ಮೇಲೆ ಒಬ್ಬ ತಂದೆಯು ಬಾಗಿಲ ಬಳಿಯಲ್ಲಿ ನಿಂತು, ಹೆಗಲ ಮೇಲಣ ವಸ್ತ್ರವನ್ನು ಕೈಗೆ ತೆಗೆದು ಮಡಿಸುತ್ತಾ, "ಅಯ್ಯನವರೇ, ಹುಡುಗನ ಅಂಕ ಬಹಳ ಕಡಿಮೆಯಾಗಿಹೋಯಿತು. ಈ ವರ್ಷವೇ ಕಾಲೇಜಿಗೆ ಅರ್ಜಿ ಹಾಕೋಣವೋ, ಒಂದು ವರ್ಷ ಬಿಟ್ಟು ಹಾಕೋಣವೋ?" ಎಂದು ಕೇಳುವನು. ಹುಡುಗನಾದರೋ ದೂರದಲ್ಲಿ ಹುಣಿಸೇಮರದ ಕೆಳಗೆ ನಮ್ಮ ಕಡೆಗೆ ಬೆನ್ನು ಮಾಡಿ ನಿಂತಿರುವನು.

ಇದು ಲೌಕಿಕವಾದ ಪ್ರಶ್ನೆ, ಇದಕ್ಕೆ ಪ್ರಸಂಗಪೀಠದಲ್ಲಿ ಸ್ಥಳವಿಲ್ಲ ಎಂದು ಹೇಳುವ ಹಿರಿಯರು ನಮ್ಮಲ್ಲಿ ಇದ್ದಾರೆ. ನಾನು ಹಾಗೆ ಎಣಿಸುವದಿಲ್ಲ. ಮಳೆಗಾಗಿಯೂ ಹೊಲದ ಸಾಲಕ್ಕಾಗಿಯೂ ಮಗಳ ಮದುವೆಗಾಗಿಯೂ ನಾವು ಮೊಣಕಾಲೂರಿ ಬೇಡುತ್ತೇವಲ್ಲಾ. ಹೀಗಿರಲಾಗಿ ಒಬ್ಬ ಮಗನ ಒಂದು ವರ್ಷದ ವಿಷಯವನ್ನು ಮಾತ್ರ ದೇವರ ವಾಕ್ಯದ ಬೆಳಕಿಗೆ ತರದೆ ಬಸ್ ನಿಲ್ದಾಣದಲ್ಲಿ ಸಿಕ್ಕಿದವರ ಮಾತಿಗೆ ಬಿಟ್ಟುಬಿಡುವದು ಹೇಗೆ? ಇದಲ್ಲದೆ, ಈ ಪ್ರಶ್ನೆಗೆ ನಾನು ಒಮ್ಮೆ ತಪ್ಪಾದ ಉತ್ತರವನ್ನು ಕೊಟ್ಟಿದ್ದೇನೆ. ಅದನ್ನು ಮುಂದೆ ಹೇಳುವೆನು.

ಕರ್ತನು ಹೇಳಿದ ಸಾಮ್ಯವನ್ನು ನೀವು ಬಲ್ಲಿರಿ. ಒಬ್ಬನ ದ್ರಾಕ್ಷೇತೋಟದಲ್ಲಿ ಒಂದು ಅಂಜೂರದ ಮರವಿತ್ತು. ಯಜಮಾನನು ಮೂರು ವರ್ಷ ಬಂದು ಹಣ್ಣನ್ನು ಹುಡುಕಿದನು, ಸಿಕ್ಕಲಿಲ್ಲ, ಅದನ್ನು ಕಡಿದುಬಿಡಬೇಕೆಂದನು. ತೋಟಗಾರನು ಇನ್ನೊಂದು ವರ್ಷದ ಅವಕಾಶವನ್ನು ಬೇಡಿಕೊಂಡನು. ಈ ಸಾಮ್ಯದ ಮೊದಲಿನ ಅರ್ಥವು ಮಾನಸಾಂತರವೇ ಎಂದು ದೈವಜ್ಞಾನ ಶಾಲೆಯಲ್ಲಿ ನನಗೆ ಕಲಿಸಲ್ಪಟ್ಟಿತು. ಅದನ್ನು ನಾನು ಮರೆತಿಲ್ಲ. ಆದರೂ ಒಂದು ವರ್ಷವನ್ನು ಬೇಡುವವನು ಹೇಗೆ ಬೇಡತಕ್ಕದ್ದು ಎಂಬದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಭಾಗವನ್ನು ನಾನರಿಯೆನು.

ಆ ತೋಟಗಾರನ ಮಾತನ್ನು ಗಮನಿಸಿರಿ. ಮರದಲ್ಲಿ ಹಣ್ಣಿದೆ, ನೀನು ನೋಡಲಿಲ್ಲ ಎಂದು ಅವನು ಯಜಮಾನನಿಗೆ ಸುಳ್ಳು ಹೇಳಲಿಲ್ಲ. ನೆರೆಯ ತೋಟದ ಮರವನ್ನು ತೋರಿಸಿ ಅದೂ ಹೀಗೆಯೇ ಇದೆ ಎನ್ನಲಿಲ್ಲ. ಎಷ್ಟು ಕಾಲವಾದರೂ ಬಿಡು ಎಂದು ಕೇಳದೆ ಒಂದೇ ವರ್ಷವನ್ನು ಕೇಳಿದನು. ಆ ವರ್ಷದಲ್ಲಿ ತಾನು ಏನು ಮಾಡುವೆನೆಂಬದನ್ನೂ ಕೂಡಲೆ ಹೇಳಿದನು: ಸುತ್ತಲೂ ಅಗೆಯುವೆನು, ಗೊಬ್ಬರ ಹಾಕುವೆನು. ಅಂದರೆ ಅವನು ಬಾಯಲ್ಲಿ ವರ್ಷವನ್ನು ಕೇಳುವಾಗ ಕೈಯಲ್ಲಿ ಗುದ್ದಲಿಯನ್ನು ಹಿಡಿದಿದ್ದನು. ಗುದ್ದಲಿಯಿಲ್ಲದೆ ವರ್ಷವನ್ನು ಕೇಳಿದ್ದರೆ ಯಜಮಾನನು ಅದನ್ನು ಯಾಕೆ ಕೊಡಬೇಕು?

ನಮ್ಮ ಕಾಲುವೆಯ ಬಯಲಿನವರಿಗೆ ಅಂಜೂರಕ್ಕಿಂತ ಕಬ್ಬು ಹೆಚ್ಚು ಪರಿಚಯವಾದದ್ದು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಕಡೆಗಳಲ್ಲಿ ಕಬ್ಬನ್ನು ಕಡಿದ ಮೇಲೆ ಬುಡವನ್ನು ಕೀಳದೆ ಅದರಿಂದಲೇ ಕೂಳೆ ಬೆಳೆಯನ್ನು ಎಬ್ಬಿಸುವದನ್ನು ಚಿಕ್ಕ ಮಕ್ಕಳೂ ಬಲ್ಲರು. ಆದರೆ ಕೂಳೆ ತಾನಾಗಿ ಬರುವದೆಂದು ನಂಬಿ ಮನೆಯಲ್ಲಿ ಕುಳಿತವನ ಗದ್ದೆಯನ್ನು ನೀವು ನೋಡಿದ್ದೀರಿ. ಸಣ್ಣ ಜಲ್ಲೆ, ನಡುವೆ ನಡುವೆ ಬರಿಯ ನೆಲ, ಉಳಿದಲ್ಲಿ ಕಳೆ. ಬುದ್ಧಿವಂತನಾದ ಬೇಸಾಯಗಾರನಾದರೋ ಕಡಿದ ಕೆಲವು ದಿನಗಳಲ್ಲಿಯೇ ಉಳಿದ ಮೋಟುಗಳನ್ನು ನೆಲಮಟ್ಟಕ್ಕೆ ಸವರುವನು. ಯಾಕಂದರೆ ಮೇಲಿನ ಗೆಣ್ಣಿನಿಂದ ಬರುವ ಮೊಳಕೆಗೆ ಬಲವಿಲ್ಲ, ಮಣ್ಣಿನೊಳಗಿನಿಂದ ಬರುವದಕ್ಕೇ ಬಲ. ಸಾಲಿನ ಎರಡು ಪಕ್ಕಗಳನ್ನೂ ಬಗೆದು ಹಳೆಯ ಬೇರನ್ನು ಕತ್ತರಿಸುವನು. ಸತ್ತ ಬುಡಗಳ ಸ್ಥಳದಲ್ಲಿ ಹೊಸ ಸಸಿಯನ್ನು ನೆಡುವನು. ಹೊಸ ನಾಟಿಗೆ ಹಾಕುವದಕ್ಕಿಂತ ಬೇಗನೆಯೂ ಹೆಚ್ಚಾಗಿಯೂ ಗೊಬ್ಬರವನ್ನು ಹಾಕುವನು. ಹೀಗೆ ಮಾಡಿದರೆ ಕೂಳೆಯು ನಾಟಿ ಕಬ್ಬಿಗಿಂತ ಮೊದಲೇ ಮಾಗುವದೂ ಉಂಟು. ಆದರೆ ಬುಡಕ್ಕೆ ಕೆಂಪು ಕೊಳೆ ರೋಗ ತಗಲಿದ್ದರೆ ಯಾವ ವಿವೇಕಿಯೂ ಅದನ್ನು ಕೂಳೆಗೆ ಬಿಡುವದಿಲ್ಲ. ಬುಡವನ್ನು ಅಗೆದು ತೆಗೆದು ಬೇರೆ ಪೈರನ್ನು ಇಡುವನು. ಆದದರಿಂದ ಕೂಳೆ ಬಿಡಬೇಕೋ ಬೇಡವೋ ಎಂದು ಪಂಚಾಂಗವನ್ನು ನೋಡಿ ತೀರ್ಮಾನಿಸಲಾಗದು. ಬುಡವನ್ನು ನೋಡಿ ತೀರ್ಮಾನಿಸಬೇಕು.

ಇನ್ನು ನನ್ನ ತಪ್ಪನ್ನು ಹೇಳುತ್ತೇನೆ. ಏಳೆಂಟು ವರ್ಷಗಳ ಹಿಂದೆ ಈ ತಾಲ್ಲೂಕುಗಳೊಳಗಿನ ಒಂದು ಹಳ್ಳಿಯಲ್ಲಿ ನಮ್ಮ ಸಭೆಗೆ ಸೇರಿದ ಒಬ್ಬ ಹುಡುಗನು ಪಿ.ಯು.ಸಿ. ಎರಡನೆಯ ವರ್ಷದಲ್ಲಿ ಗಣಿತವೊಂದರಲ್ಲಿ ಅನುತ್ತೀರ್ಣನಾದನು. ಉಳಿದವುಗಳಲ್ಲಿ ಸಾಧಾರಣವಾದ ಅಂಕಗಳಿದ್ದವು. ಕೆಲವು ವಾರಗಳಲ್ಲಿ ಪೂರಕ ಪರೀಕ್ಷೆ ಇತ್ತು. ಹುಡುಗನು ಅತ್ತು ಅತ್ತು ಬಾಡಿಹೋಗಿದ್ದನು. ಅವನ ಮುಖವನ್ನು ನೋಡಿ ನನಗೆ ಕನಿಕರ ಹುಟ್ಟಿತು. "ಅವಸರಪಡಬೇಡ, ಈ ವರ್ಷ ಮನೆಯಲ್ಲಿ ದಣಿವಾರಿಸಿಕೋ, ಬರುವ ಮಾರ್ಚಿಯಲ್ಲಿ ಬರೆ, ದೇವರ ಸಮಯವೇ ಒಳ್ಳೆಯದು" ಎಂದು ಹೇಳಿ ಅವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಬಂದೆನು. ಮನೆಯವರು ನನ್ನ ಮಾತನ್ನು ದೇವರ ಮಾತೆಂದು ತೆಗೆದುಕೊಂಡರು. ಮೊದಲ ತಿಂಗಳು ಹುಡುಗನು ದಣಿವಾರಿಸಿಕೊಂಡನು. ಎರಡನೆಯ ತಿಂಗಳು ದೊಡ್ಡಪ್ಪನ ಟ್ರ್ಯಾಕ್ಟರಿನ ಜೊತೆಯಲ್ಲಿ ಹೋದನು. ಕಬ್ಬು ಕಡಿಯುವ ಕಾಲ ಬಂದಾಗ ಕಾರ್ಖಾನೆಗೆ ಕಬ್ಬು ಸಾಗಿಸುವ ಕೆಲಸ ಸಿಕ್ಕಿತು. ಕೈಗೆ ಸ್ವಲ್ಪ ಹಣ ಬಂತು. ಮಾರ್ಚಿ ಬಂದಾಗ ಪುಸ್ತಕಗಳು ಅಟ್ಟದ ಮೇಲಿದ್ದವು. ಆ ಮೇಲೆ ಅವನು ಪರೀಕ್ಷೆಗೆ ಕೂತುಕೊಳ್ಳಲೇ ಇಲ್ಲ. ಈಗಲೂ ಆರಾಧನೆಗೆ ಬರುತ್ತಾನೆ. ಹಿಂದಿನ ಸಾಲಿನಲ್ಲಿ ಕುಳಿತು, ಹೊರಗೆ ಬರುವಾಗ ನನ್ನನ್ನು ಬಹಳ ಮರ್ಯಾದೆಯಿಂದ ಮಾತಾಡಿಸುತ್ತಾನೆ. ಅವನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ನಾನು ಮಾಡಿದ ಅಪರಾಧವೇನು? ದೇವರ ಸಮಯ ಎಂಬ ಮಾತನ್ನು ನನ್ನ ಸೋಮಾರಿತನದ ಮೇಲೆ ಹೊದಿಸಿದೆನು. ಅವನು ಯಾಕೆ ತಪ್ಪಿದನೆಂದು ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಬುಡವನ್ನು ನೋಡದೆ ಕೂಳೆಗೆ ಬಿಟ್ಟೆನು. ಬಿಟ್ಟ ಮೇಲೆ ಒಂದು ಬುಟ್ಟಿ ಗೊಬ್ಬರವನ್ನೂ ಹೊರಲಿಲ್ಲ. ಒಂದೇ ವಿಷಯದಲ್ಲಿ ಸ್ವಲ್ಪದರಲ್ಲಿ ತಪ್ಪಿದವನು, ಓದಿದ್ದು ಇನ್ನೂ ನೆನಪಿನಲ್ಲಿರುವಾಗಲೇ, ಕಣ್ಣೀರು ಆರುವ ಮೊದಲೇ ಪುನಃ ಕೂತುಕೊಳ್ಳತಕ್ಕವನಾಗಿದ್ದನು. ಅವನಿಗೆ ಬೇಕಾಗಿದ್ದದ್ದು ಆರು ವಾರ. ನಾನು ಒಂದು ವರ್ಷವನ್ನು ಕೊಟ್ಟೆನು.

ಆದಕಾರಣ ತಂದೆತಾಯಿಗಳೇ, ಈ ವರ್ಷವೋ ಬರುವ ವರ್ಷವೋ ಎಂದು ಕೇಳುವದಕ್ಕೆ ಮುಂಚೆ ಮುರಿದದ್ದು ಎಲ್ಲಿ ಎಂದು ಕೇಳಿರಿ. ಮಗುವನ್ನು ಗದರಿಸಿ ಕೇಳಬೇಡಿರಿ; ಗದರಿಸಿದರೆ ಪೇಪರು ಕಷ್ಟವಾಗಿತ್ತು ಎಂಬ ಒಂದೇ ಉತ್ತರ ಬರುವದು. ಉತ್ತರ ಪತ್ರಿಕೆಯ ಪ್ರತಿಯನ್ನು ಶುಲ್ಕ ಕಟ್ಟಿ ತರಿಸಿಕೊಳ್ಳುವದಕ್ಕೂ, ಅನ್ಯಾಯವಾಗಿದೆಯೆಂದು ಕಂಡರೆ ಮರುಮೌಲ್ಯಮಾಪನವನ್ನು ಕೋರುವದಕ್ಕೂ ಪಿ.ಯು.ಸಿ. ವಿದ್ಯಾರ್ಥಿಗಳಿಗೆ ಅವಕಾಶವುಂಟು. ಅದರ ಕಡೆಯ ದಿನವು ಬೇಗನೆ ಬರುವದು. ಅಳುವದರಲ್ಲಿಯೇ ಅದು ಕಳೆದುಹೋಗದಿರಲಿ. ಆ ಪ್ರತಿಯನ್ನು ಒಬ್ಬ ಉಪಾಧ್ಯಾಯರ ಮುಂದಿಟ್ಟರೆ ಅವರು ಹತ್ತು ನಿಮಿಷಗಳಲ್ಲಿ ನಿಮಗೆ ಹೇಳುವರು. ಪರೀಕ್ಷೆಯ ದಿನ ಜ್ವರವಿದ್ದವನ ಪತ್ರಿಕೆ ಒಂದು ಬಗೆ, ಪ್ರಶ್ನೆಯೇ ಅರ್ಥವಾಗದವನ ಪತ್ರಿಕೆ ಇನ್ನೊಂದು ಬಗೆ, ಮನಸ್ಸೇ ಇಲ್ಲದವನದು ಮತ್ತೊಂದು ಬಗೆ.

ಇವುಗಳಲ್ಲಿ ನಮ್ಮ ಹಳ್ಳಿಗಳಲ್ಲಿ ನಾನು ಹೆಚ್ಚಾಗಿ ಕಾಣುವದು ಎರಡನೆಯದನ್ನು. ಹತ್ತನೆಯ ತರಗತಿಯ ವರೆಗೆ ಕನ್ನಡದಲ್ಲಿ ಓದಿ, ಒಳ್ಳೆಯ ಅಂಕ ಬಂತೆಂದು ವಿಜ್ಞಾನವನ್ನು ತೆಗೆದುಕೊಂಡು, ಜೂನ್ ತಿಂಗಳ ಒಂದು ಬೆಳಿಗ್ಗೆ ಇಂಗ್ಲಿಷಿನಲ್ಲಿ ಭೌತಶಾಸ್ತ್ರದ ಮುಂದೆ ಕೂತುಕೊಂಡ ಮಗುವಿನ ಸ್ಥಿತಿಯನ್ನು ಯೋಚಿಸಿರಿ. ಬುದ್ಧಿ ಕಡಿಮೆಯಾಗಿಲ್ಲ, ಭಾಷೆಯ ಹೊಳೆಯನ್ನು ದಾಟಿಸುವವರು ಯಾರೂ ಇರಲಿಲ್ಲ. ಇಂಥ ಮಗು ಎರಡು ವರ್ಷ ಬಾಯಿಪಾಠದ ಮೇಲೆ ನಡೆದು ಕಡೆಗೆ ಎಡವುವದು. ಇದಕ್ಕೆ ಆರು ವಾರ ಸಾಲದು. ಇಲ್ಲಿ ಒಂದು ವರ್ಷವನ್ನು ಬೇಡುವದು ನ್ಯಾಯವೇ. ಆದರೆ ಆ ವರ್ಷದ ಗುದ್ದಲಿ ಯಾರ ಕೈಯಲ್ಲಿದೆ ಎಂಬದನ್ನು ಅರ್ಜಿಯ ದಿನ ದಾಟುವದಕ್ಕೆ ಮೊದಲೇ ಗೊತ್ತುಮಾಡಿಕೊಳ್ಳಬೇಕು. ವಾರಕ್ಕೆ ಎಷ್ಟು ದಿನ, ಯಾವ ಉಪಾಧ್ಯಾಯರ ಬಳಿಯಲ್ಲಿ, ಯಾವ ಬಸ್ಸಿಗೆ ಹೋಗಿ ಯಾವ ಬಸ್ಸಿಗೆ ಬರುವದು, ಮನೆಯಲ್ಲಿ ಓದುವ ಸ್ಥಳ ಎಲ್ಲಿ, ಕೊಯ್ಲಿನ ಕಾಲದಲ್ಲಿ ಅವನನ್ನು ಕೆಲಸಕ್ಕೆ ಕರೆಯುವದಿಲ್ಲವೆಂದು ತಂದೆಯು ಮಾತು ಕೊಡುವನೋ? ಇವುಗಳಿಗೆ ಉತ್ತರವಿಲ್ಲದಿದ್ದರೆ ವರ್ಷವನ್ನು ಬಿಡಬೇಡಿರಿ. ಸಿಕ್ಕುವ ಕಾಲೇಜಿಗೆ, ಸಿಕ್ಕುವ ಪಾಠಕ್ಕೆ ಈಗಲೇ ಸೇರಿಸಿರಿ. ಬಲವಿಲ್ಲದ ತರಗತಿಯೂ ಖಾಲಿ ಜಗಲಿಗಿಂತ ಮೇಲು.

ಈಗಿನ ವ್ಯವಸ್ಥೆಯು ನನ್ನ ಕಾಲದ್ದಕ್ಕಿಂತ ಮೃದುವಾಗಿದೆ ಎಂಬದನ್ನೂ ತಿಳಿದಿರಿ. 2024ರಲ್ಲಿ ನಮ್ಮ ರಾಜ್ಯದ ಪರೀಕ್ಷಾ ಮಂಡಲಿಯು ಪೂರಕ ಪರೀಕ್ಷೆ ಎಂಬ ಹೆಸರನ್ನು ತೆಗೆದುಹಾಕಿ, ಹತ್ತನೆಯ ತರಗತಿಗೂ ಎರಡನೆಯ ಪಿ.ಯು.ಸಿ.ಗೂ ಪರೀಕ್ಷೆ 1, 2, 3 ಎಂದು ಒಂದೇ ವರ್ಷದಲ್ಲಿ ಮೂರು ಬಾರಿ ಪರೀಕ್ಷೆ ನಡೆಸಿತು. ತಪ್ಪಿದವರು ಮಾತ್ರವಲ್ಲ, ಉತ್ತೀರ್ಣರಾಗಿ ಅಂಕ ಸಾಲದವರೂ ಪುನಃ ಬರೆದು, ಹೆಚ್ಚಾಗಿ ಬಂದ ಅಂಕವನ್ನು ಉಳಿಸಿಕೊಳ್ಳುವ ಅವಕಾಶವು ಅದರಿಂದ ಉಂಟಾಯಿತು. ಪೂರಕ ಎಂಬ ಹೆಸರಿನ ನಾಚಿಕೆಯೂ ಹೋಯಿತು. ಮಗುವಿನ ಹಂಬಲವು ಇಂಜಿನಿಯರಿಂಗಿನ ಮೇಲಿದ್ದರೆ, ಉದಾಹರಣೆಗೆ 2007ರಲ್ಲಿ ಸ್ಥಾಪಿತವಾದ ಕೃಷ್ಣರಾಜಪೇಟೆಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ ಮೇಲಿದ್ದರೆ, ಇನ್ನೊಂದು ಲೆಕ್ಕವನ್ನು ಕಲಿಯಬೇಕು. ಸಿ.ಇ.ಟಿ.ಯ ಶ್ರೇಣಿಗೆ ಅರ್ಧ ಬಲವು ಆ ಪರೀಕ್ಷೆಯಿಂದಲೂ ಉಳಿದರ್ಧವು ಪಿ.ಯು.ಸಿ.ಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಅಂಕದಿಂದಲೂ ಬರುವದು. ಒಂದರಿಂದ ಹತ್ತನೆಯ ತರಗತಿಯ ವರೆಗೆ ಹಳ್ಳಿಯಲ್ಲಿ ಓದಿದವರಿಗೆಂದು ಶೇಕಡ 15, ಕನ್ನಡದಲ್ಲಿ ಓದಿದವರಿಗೆಂದು ಶೇಕಡ 5 ಸ್ಥಾನಗಳನ್ನು ಇಟ್ಟಿದ್ದಾರೆ. ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಸಕಾಲದಲ್ಲಿ ಮಾಡಿಸದೆ ಸ್ಥಾನವನ್ನು ಕಳೆದುಕೊಂಡ ಮೇಲೆ ದೇವರ ಚಿತ್ತವೆಂದು ಹೇಳಿಕೊಳ್ಳುವದು ನನಗೆ ಸರಿಕಾಣುವದಿಲ್ಲ.

ಒಮ್ಮೆ ತಪ್ಪಿದವನು ಪುನಃ ಯಾವಾಗ ಹೊರಡಬೇಕೆಂಬದಕ್ಕೆ ಅಪೊಸ್ತಲರ ಕಾಲದಲ್ಲಿಯೇ ಒಂದು ಮೊಕದ್ದಮೆ ನಡೆದಿತ್ತು. ಮಾರ್ಕನೆನಿಸಿಕೊಂಡ ಯೋಹಾನನು ಪೌಲ ಬಾರ್ನಬರ ಜೊತೆಯಲ್ಲಿ ಹೊರಟು, ಪಂಫುಲ್ಯ ಸೀಮೆಯ ಪೆರ್ಗೆಯಲ್ಲಿ ಅವರನ್ನು ಬಿಟ್ಟು ಯೆರೂಸಲೇಮಿಗೆ ಹಿಂತಿರುಗಿದನು. ಯಾಕೆ ಹಿಂತಿರುಗಿದನೆಂದು ಲೂಕನು ಬರೆಯಲಿಲ್ಲ. ಎರಡನೆಯ ಪ್ರಯಾಣದ ಹೊತ್ತಿಗೆ ಅವನನ್ನು ಕರೆದುಕೊಂಡು ಹೋಗೋಣವೆಂದು ಬಾರ್ನಬನೂ, ಬೇಡವೆಂದು ಪೌಲನೂ ವಾದಿಸಿ, ಅಂಥಾ ಇಬ್ಬರು ದೈವಭಕ್ತರು ಒಬ್ಬರನ್ನೊಬ್ಬರು ಅಗಲಿದರು. ನಮ್ಮ ಮನೆಗಳಲ್ಲಿ ತಂದೆ ಒಂದು, ತಾಯಿ ಒಂದು ಹೇಳಿ ಮಾತು ಬಿಡುವದುಂಟಲ್ಲಾ, ಹಾಗೆಯೇ. ನಾನು ಚಿಕ್ಕವನಾಗಿದ್ದಾಗ ಪೌಲನು ಕಠಿಣನೆಂದು ಎಣಿಸುತ್ತಿದ್ದೆನು. ಈಗ ಹಾಗೆ ತೋರುವದಿಲ್ಲ. ಬೆಟ್ಟ, ಸೆರೆಮನೆ, ಕಲ್ಲೇಟುಗಳ ಆ ದಾರಿಗೆ ಮಾರ್ಕನು ಆಗ ಸಿದ್ಧನಾಗಿರಲಿಲ್ಲವೆಂದು ಅವನಿಗೆ ತೋರಿದ್ದಿರಬಹುದು. ಆದರೆ ಬಾರ್ನಬನ ವಿವೇಕವನ್ನು ನೋಡಿರಿ. ಅವನು ಮಾರ್ಕನನ್ನು ಮನೆಗೆ ಕಳುಹಿಸಲಿಲ್ಲ, ಪೌಲನ ಹಿಂದೆ ಬಲವಂತವಾಗಿ ಓಡಿಸಲೂ ಇಲ್ಲ. ತನ್ನ ಸ್ವದೇಶವಾದ ಕುಪ್ರದ್ವೀಪಕ್ಕೆ, ಮಾರ್ಕನು ಒಮ್ಮೆ ನಡೆದು ನೋಡಿದ್ದ ಸೀಮೆಗೆ ಕರೆದುಕೊಂಡು ಹೋದನು. ಗುರುತುಳ್ಳ ದಾರಿ, ಜೊತೆಯಲ್ಲಿ ಒಬ್ಬ ಹಿರಿಯನು, ಕೈತುಂಬ ಕೆಲಸ. ವರ್ಷಗಳು ಕಳೆದ ಮೇಲೆ ಸೆರೆಯಲ್ಲಿದ್ದ ಪೌಲನೇ ತಿಮೊಥೆಗೆ ಬರೆದ ಪತ್ರದಲ್ಲಿ ಮಾರ್ಕನನ್ನು ಕರೆತರಬೇಕೆಂದೂ ಅವನು ತನಗೆ ಉಪಯುಕ್ತನೆಂದೂ ತಿಳಿಸಿದನು. ನಮ್ಮ ಸಭೆಯಲ್ಲಿ ಬಾರ್ನಬರು ಎಷ್ಟು ಮಂದಿ? ಹುಡುಗನ ಅಂಕವನ್ನು ವಿಚಾರಿಸುವವರು ಬಹಳ ಮಂದಿ ಇದ್ದಾರೆ.

ನಮ್ಮ ಸಮೀಪದಲ್ಲಿ ನಡೆದ ಒಂದು ಸಂಗತಿಯನ್ನೂ ಹೇಳುವೆನು. ಶ್ರೀರಂಗಪಟ್ಟಣದಿಂದ ಹೊಳೆ ದಾಟಿದರೆ ಮೈಸೂರು. ನೂರು ವರ್ಷಗಳ ಹಿಂದೆ ಅಲ್ಲಿನ ಮಹಾರಾಜಾ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಮಗನೊಬ್ಬನು ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಅನುತ್ತೀರ್ಣನಾದನು. ಮುಖ್ಯೋಪಾಧ್ಯಾಯರ ಮಗನೇ ತಪ್ಪಿದನೆಂದರೆ ಊರಿನ ಬಾಯಿ ಹೇಗಿದ್ದೀತು! ಅವನು ಒಂದು ವರ್ಷ ಮನೆಯಲ್ಲಿದ್ದನು. ಆ ವರ್ಷವೆಲ್ಲಾ ಓದಿದನು, ಬರೆದನು; ಪುಸ್ತಕವನ್ನು ಹಿಡಿದು ಕುಕ್ಕರಹಳ್ಳಿ ಕೆರೆಯ ಕಡೆಗೆ ಹೋಗುತ್ತಿದ್ದನು. 1926ರಲ್ಲಿ ಆ ಪರೀಕ್ಷೆಯನ್ನು ದಾಟಿ ಮಹಾರಾಜಾ ಕಾಲೇಜಿಗೆ ಸೇರಿದನು. ಅಲ್ಲಿಯೂ ಮೂರು ವರ್ಷದ ಪದವಿಗೆ ನಾಲ್ಕು ವರ್ಷ ಹಿಡಿದು 1930ರಲ್ಲಿ ಮುಗಿಯಿತು. ಅವನೇ ಆರ್. ಕೆ. ನಾರಾಯಣರು. ಪದವಿಯಾದ ಐದು ವರ್ಷಕ್ಕೆ, 1935ರಲ್ಲಿ, ಅವರ ಮೊದಲನೆಯ ಕಾದಂಬರಿಯು ಇಂಗ್ಲೆಂಡಿನಲ್ಲಿ ಅಚ್ಚಾಯಿತು. ಮೈಸೂರಿನ ಯಾದವಗಿರಿಯಲ್ಲಿ ಅವರು ಕಟ್ಟಿಸಿದ ಮನೆಯನ್ನು ಈಗ ವಸ್ತುಸಂಗ್ರಹಾಲಯವಾಗಿ ಮಾಡಿದ್ದಾರೆ.

ಈ ಕಥೆಯನ್ನು ಕೇಳಿ ನಮ್ಮ ಹುಡುಗರು ತಲೆಯೆತ್ತುವರು. ಆದರೆ ಅದನ್ನು ಪೂರ್ಣವಾಗಿ ಕೇಳಬೇಕು. ಆ ವರ್ಷವು ಬರಿದಾಗಿರಲಿಲ್ಲ. ತಂದೆಯು ಉಪಾಧ್ಯಾಯನು, ಶಾಲೆಯಲ್ಲಿ ಪುಸ್ತಕಭಂಡಾರ, ಮನೆಯಲ್ಲಿ ಓದುವವರು. ಗೊಬ್ಬರವು ಬಾಗಿಲಲ್ಲಿಯೇ ರಾಶಿ ಬಿದ್ದಿತ್ತು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಸತ್ಯವೇದವೂ ಕೀರ್ತನೆಯ ಪುಸ್ತಕವೂ ಬಿಟ್ಟರೆ ಬೇರೆ ಪುಸ್ತಕವಿಲ್ಲ. ಆದಕಾರಣ ನಮ್ಮ ಮಗು ಗೊಬ್ಬರವಿರುವಲ್ಲಿಗೆ ನಡೆದುಹೋಗಬೇಕು: ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ತಾಲ್ಲೂಕಿನ ಗ್ರಂಥಾಲಯಕ್ಕೆ, ನಿವೃತ್ತರಾದ ಒಬ್ಬ ಉಪಾಧ್ಯಾಯರ ಜಗಲಿಗೆ. ಅವರು ನಮ್ಮ ಮತದವರಲ್ಲದಿದ್ದರೇನು? ಈ ಸೀಮೆಯಲ್ಲಿ ನಮ್ಮ ಮಕ್ಕಳಿಗೆ ಲೆಕ್ಕವನ್ನು ಹಣ ತೆಗೆದುಕೊಳ್ಳದೆ ಹೇಳಿಕೊಟ್ಟ ನೆರೆಯವರನ್ನು ನಾನು ಬಲ್ಲೆನು. ಹಬ್ಬಕ್ಕೆ ಒಂದು ಗೊನೆ ಬಾಳೆಹಣ್ಣನ್ನು ಒಪ್ಪಿಸಿದರೆ ಅವರಿಗೆ ಸಂತೋಷ.

ಇನ್ನು ಮನಸ್ಸೇ ಇಲ್ಲದ ದಾರಿಯಲ್ಲಿ ಎಡವಿದವರ ವಿಷಯ. ನಾಗಮಂಗಲದ ಒಣಭೂಮಿಯ ಬೇಸಾಯಗಾರರನ್ನು ಕೇಳಿರಿ, ಅವರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು. ಮಳೆ ತಪ್ಪಿ ರಾಗಿಯ ಕಾಲ ಮೀರಿದರೆ ಅವರು ಹೊಲವನ್ನು ಬೀಳುಬಿಟ್ಟು ಬರುವ ವರ್ಷದ ರಾಗಿಗಾಗಿ ಕಾದುಕೊಂಡಿರುವದಿಲ್ಲ. ತಡವಾದ ಹದಕ್ಕೆ ಹುರುಳಿಯನ್ನು ಚೆಲ್ಲುವರು. ಹುರುಳಿಯು ರಾಗಿಯಲ್ಲ, ನಿಜ. ಆದರೆ ಅದು ಮನೆಯನ್ನು ಸಾಕುವದು, ನೆಲವನ್ನೂ ಕೆಡಿಸುವದಿಲ್ಲ. ನೆರೆಮನೆಯವನ ಮಗನು ಇಂಜಿನಿಯರನಾದನೆಂದು ವಿಜ್ಞಾನಕ್ಕೆ ತಳ್ಳಲ್ಪಟ್ಟು, ಚರಿತ್ರೆಯನ್ನೋ ಲೆಕ್ಕಪತ್ರವನ್ನೋ ಕೈಕೆಲಸವನ್ನೋ ಪ್ರೀತಿಸುವ ಮಗುವಿಗೆ ಇನ್ನೊಂದು ವರ್ಷ ಅದೇ ಭೌತಶಾಸ್ತ್ರವನ್ನು ಅರೆಸುವದು ಕೊಳೆತ ಬುಡಕ್ಕೆ ಗೊಬ್ಬರ ಹೊತ್ತಂತೆ. ಅವನು ಉತ್ತೀರ್ಣನಾಗಿದ್ದರೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎ.ಗೋ ಬಿ.ಕಾಂ.ಗೋ ಈ ವರ್ಷವೇ ಅರ್ಜಿ ಹಾಕಲಿ. ಅವಕ್ಕೆ ಸಿ.ಇ.ಟಿ.ಯ ಗೊಡವೆಯಿಲ್ಲ. ಕಾಲೇಜನ್ನು ಮುಗಿಸದೆಯೂ ದೊಡ್ಡವರಾದವರು ಈ ಸೀಮೆಯಲ್ಲಿ ಇಲ್ಲದಿಲ್ಲ; ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕವಿ ಕೆ. ಎಸ್. ನರಸಿಂಹಸ್ವಾಮಿಯವರು ಬಿ.ಎ.ಯನ್ನು ಮುಗಿಸಲಿಲ್ಲ, ಸರ್ಕಾರದ ಕಚೇರಿಗಳಲ್ಲಿ ಗುಮಾಸ್ತಿಕೆ ಮಾಡಿ ಬಾಳಿದರು. ಆದರೆ ಅವರ ಹೆಸರನ್ನು ಹೇಳಿ ಪುಸ್ತಕವನ್ನು ಮುಚ್ಚಿಡುವ ಹುಡುಗನು ಮೊದಲು ನನಗೆ ಒಂದು ಪದ್ಯವನ್ನು ಬರೆದು ತೋರಿಸಲಿ.

ಹೆಣ್ಣುಮಕ್ಕಳ ವಿಷಯದಲ್ಲಿ ನಾನು ಬೇರೆ ಮಾತನ್ನು ಹೇಳಬೇಕಾಗಿದೆ. ಒಂದು ವರ್ಷವು ಗಂಡುಮಗನಿಗೂ ಹೆಣ್ಣುಮಗಳಿಗೂ ಒಂದೇ ಉದ್ದವಾಗಿರುವದಿಲ್ಲ. ಮಗನು ಒಂದು ವರ್ಷ ಮನೆಯಲ್ಲಿದ್ದರೆ ಅವನು ಪರೀಕ್ಷೆಗೆ ಓದುತ್ತಿದ್ದಾನೆ ಎಂದು ಹೇಳುವರು. ಮಗಳು ಮನೆಯಲ್ಲಿದ್ದರೆ ವರನನ್ನು ನೋಡುತ್ತಿದ್ದಾರೆ ಎಂದು ಹೇಳುವರು. ಹಸುವಿನ ಕೆಲಸ, ತಮ್ಮಂದಿರ ಊಟ, ಅಜ್ಜಿಯ ಔಷಧ ಎಲ್ಲಾ ಅವಳ ತಲೆಯ ಮೇಲೆ ಬರುವದು. ದೀಪಾವಳಿಯ ಹೊತ್ತಿಗೆ ಯಾರೋ ಒಬ್ಬ ಸೋದರಮಾವನು ಬಂದು ಜಗಲಿಯಲ್ಲಿ ಕುಳಿತಿರುವನು. 18 ವರ್ಷ ತುಂಬದವಳಿಗೆ ಮದುವೆ ಮಾಡುವದು ಅಪರಾಧವೆಂಬದನ್ನು ನೀವು ಬಲ್ಲಿರಿ. ತುಂಬಿದ ಮರುದಿನವೇ ಮಾಡುವದು ಅಪರಾಧವಲ್ಲವಾದರೂ ಅವಳ ಬುಡವನ್ನು ಕಿತ್ತ ಹಾಗೆಯೇ. ಆದದರಿಂದ ಮಗಳ ಅಂಕ ಕಡಿಮೆಯಾದರೆ, ಯಾವ ತರಗತಿಗಾದರೂ ಸರಿ, ಅವಳ ಹೆಸರು ಒಂದು ಹಾಜರಿ ಪುಸ್ತಕದಲ್ಲಿ ಇರುವಂತೆ ಮಾಡಿರಿ ಎಂಬದೇ ನನ್ನ ಅಭಿಪ್ರಾಯ. ಪುನಃ ಪರೀಕ್ಷೆಗೆ ಕೂತುಕೊಳ್ಳಬೇಕಾಗಿದ್ದರೆ ಮೊದಲು ಸಿಕ್ಕುವ ಪರೀಕ್ಷೆಗೇ ಕೂತುಕೊಳ್ಳಲಿ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಶಕ್ತಿ ಯೋಜನೆಯ ಮೇರೆಗೆ ಟಿಕೀಟಿನ ಹಣವಿಲ್ಲ. ಮಂಡ್ಯಕ್ಕೆ ಹೋಗಿಬರಲು ಖರ್ಚೆಂಬ ನೆಪವು ಅಂದಿನಿಂದ ಹೋಯಿತು.

ಖರ್ಚಿನ ಮಾತು ಬಂದದ್ದರಿಂದ ಒಂದನ್ನು ಹೇಳಿ ಮುಂದೆ ಹೋಗುವೆನು. ಗೋಪುರ ಕಟ್ಟುವವನು ಮೊದಲು ಕುಳಿತು ಲೆಕ್ಕ ಮಾಡಬೇಕೆಂದು ಕರ್ತನು ಬೋಧಿಸಿದನು. ಅಂಕ ಕಡಿಮೆಯಾದ ಮನೆಯ ವಾಸನೆಯನ್ನು ಹಿಡಿದು ದಲ್ಲಾಳಿಗಳು ಬರುವರು. ದೂರದ ಊರಿನ ಕಾಲೇಜಿನಲ್ಲಿ ಸೀಟು ಕೊಡಿಸುವೆನು, ನಾಳೆಯೇ ಹಣ ಕಟ್ಟಬೇಕು, ನಾಡಿದ್ದಾದರೆ ಇಲ್ಲ ಎನ್ನುವರು. ನಾಚಿಕೆಯನ್ನು ಮುಚ್ಚುವದಕ್ಕಾಗಿ ಎರಡು ಎಕರೆ ಗದ್ದೆಯನ್ನು ಅಡವಿಟ್ಟು, ಮಗನು ಅಲ್ಲಿಯೂ ಅದೇ ಗಣಿತದಲ್ಲಿ ತಪ್ಪಿ ಹಿಂತಿರುಗಿದ ಮನೆಯನ್ನು ನಾನು ಕಂಡಿದ್ದೇನೆ. ಗದ್ದೆ ಇನ್ನೂ ಬಿಡುಗಡೆಯಾಗಿಲ್ಲ.

ಮೊದಲೇ ಹೇಳಬೇಕಾಗಿದ್ದ ಒಂದು ಮಾತು ಉಳಿದಿದೆ. ಫಲಿತಾಂಶದ ದಿನ ಯಾವ ತೀರ್ಮಾನವನ್ನೂ ಮಾಡಬೇಡಿರಿ. ಆ ದಿನ ಮಗುವನ್ನು ಒಂಟಿಯಾಗಿ ಬಿಡಬೇಡಿರಿ. ರಾತ್ರಿ ಜೊತೆಯಲ್ಲಿ ಮಲಗಿರಿ. ಅನ್ನವನ್ನು ಬಡಿಸಿ ಎದುರಿಗೆ ಕುಳಿತು ಊಟಮಾಡಿಸಿರಿ. ಅಂಕದ ನಿಮಿತ್ತ ತಮ್ಮ ಪ್ರಾಣವನ್ನೇ ತೆಗೆದುಕೊಂಡ ಮಕ್ಕಳ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತೇವೆ. ಅದು ದೂರದ ಪಟ್ಟಣದ ಸಂಗತಿಯೆಂದು ಎಣಿಸಬೇಡಿರಿ. ಮಗು ಮಾತು ಬಿಟ್ಟರೆ, ಊಟ ಬಿಟ್ಟರೆ, ತಾನು ಯಾರಿಗೂ ಬೇಡವಾದವನೆಂದು ಹೇಳಿದರೆ, ಕೂಡಲೆ ವೈದ್ಯರಿಗೆ ತಿಳಿಸಿರಿ. 14416 ಎಂಬ ಸಂಖ್ಯೆಗೆ ಹಗಲಾಗಲಿ ರಾತ್ರಿಯಾಗಲಿ ಫೋನ್ ಮಾಡಿದರೆ, 2022ರಲ್ಲಿ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಎಂಬ ಸಹಾಯದವರು ಹಣ ಕೇಳದೆ ಕನ್ನಡದಲ್ಲಿಯೇ ಮಾತಾಡುವರು. ಇದನ್ನು ಮನೆಯ ಗೋಡೆಯ ಮೇಲೆ ಬರೆದಿಡಿರಿ. ಪ್ರಾರ್ಥನೆಯೂ ಬೇಕು, ಇದೂ ಬೇಕು.

ಮೇಲೆ ಹೇಳಿದ ಆ ಹುಡುಗನ ಮಾತಿಗೆ ಬರುವೆನು. ಅವನು ಈಗ ಹುಡುಗನಲ್ಲ, ಇಪ್ಪತ್ತೈದು ದಾಟಿದ ಗಂಡಸು. ಸರಕಿನ ಗಾಡಿಯನ್ನು ಓಡಿಸುತ್ತಾನೆ. ಕಳೆದ ತಿಂಗಳು ಆರಾಧನೆ ಮುಗಿದ ಮೇಲೆ ಎಲ್ಲರೂ ಹೋಗುವ ವರೆಗೆ ಅವನು ಹಿಂದಿನ ಸಾಲಿನಿಂದ ಏಳಲಿಲ್ಲ. ಅವನ ತಂದೆಯು ಒಮ್ಮೆ ನಿಂತಿದ್ದ ಆ ಬಾಗಿಲ ಬಳಿಗೆ ಬಂದು, "ಅಯ್ಯನವರೇ, ಆ ಗಣಿತ ಒಂದನ್ನು ಈಗ ಬರೆದರೆ ಆಗುತ್ತದೆಯೋ? ಪಾಸಾದರೆ ಗಾಡಿ ಓಡಿಸುತ್ತಲೇ ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬಹುದೆಂದು ಯಾರೋ ಹೇಳಿದರು" ಎಂದನು. ನಾನು ಈ ಸಾರಿ ತಲೆಯ ಮೇಲೆ ಕೈಯಿಡುವದಕ್ಕೆ ಮೊದಲು, ಪುಸ್ತಕಗಳು ಎಲ್ಲಿವೆ ಎಂದು ಕೇಳಿದೆನು. ಅಟ್ಟದಲ್ಲಿಯೇ ಇವೆ, ಒಂದನ್ನು ಇಲಿ ತಿಂದಿದೆ ಎಂದನು. ದಿನಕ್ಕೆ ಎಷ್ಟು ಹೊತ್ತು ಸಿಕ್ಕುವದೆಂದು ಕೇಳಿದೆನು. ಬೆಳಿಗ್ಗೆ ನಾಲ್ಕೂವರೆಯಿಂದ ಆರರ ವರೆಗೆ, ಗಾಡಿಗೆ ಸರಕು ತುಂಬುವಾಗ ಇನ್ನೊಂದು ಗಂಟೆ ಎಂದು ಲೆಕ್ಕ ಹಾಕಿಯೇ ಬಂದಿದ್ದನು. ಪಾಂಡವಪುರದಲ್ಲಿರುವ ಒಬ್ಬ ನಿವೃತ್ತ ಗಣಿತ ಉಪಾಧ್ಯಾಯರು ವಾರಕ್ಕೆ ಎರಡು ಸಂಜೆ ಹೇಳಿಕೊಡಲು ಒಪ್ಪಿದ್ದಾರೆ. ಹಳೆಯ ಅಂಕಪಟ್ಟಿಯು ಅವನ ತಾಯಿಯ ಪೆಟ್ಟಿಗೆಯಲ್ಲಿ, ಸೀರೆಗಳ ಕೆಳಗೆ ಸಿಕ್ಕಿತು. ಬರುವ ಶನಿವಾರ ಬೆಳಿಗ್ಗೆ ನಾವಿಬ್ಬರೂ ಅದನ್ನು ತೆಗೆದುಕೊಂಡು ಅವನು ಓದಿದ ಕಾಲೇಜಿನ ಕಚೇರಿಗೆ ಹೋಗತಕ್ಕವರಾಗಿದ್ದೇವೆ; ಅವನು ಅಂದು ಗಾಡಿಗೆ ರಜೆ ಹೇಳಿದ್ದಾನೆ.